‘ಇಲ್ಲ’ ಎಂದರೆ ಯಾರಿಗೆ ಹೇಳಬೇಕು

ಎಸಿನಾಮ್‌ಗೆ ನೆತ್ತಿಗೇರಿದ ಸಿಟ್ಟು ಇಳಿದಿರಲಿಲ್ಲ. ಇಳಿಯುವುದಾದರೂ ಹೇಗೆ? ಹಿಂದಿನ ದಿನ ಅಕ್ರಾದ ಆಸ್ಪತ್ರೆಯೊಂದರಲ್ಲಿ ಕೆಂಕೆ ಎಂಬ ಮೆಕ್ಕೆಜೋಳದ ಕಡುಬು ಮಾರುವ ಕೊರ್ಕೊಯ್ ಎಂಬ ತಾಯಿ, ರಕ್ತ ಬೇಕಾಗಿದ್ದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಧ್ಯಾಹ್ನವಿಡೀ ಕಾದಿದ್ದಳು. ನರ್ಸಿನ ಪರದೆ ‘ರಕ್ತನಿಧಿಯನ್ನು ಕೇಳಲಾಗುತ್ತಿದೆ’ ಎಂದೇ ತೋರಿಸುತ್ತಿತ್ತು. ಅತ್ತ ರಕ್ತನಿಧಿ ‘ಇಲ್ಲ’ ಎಂದು ಆಗಲೇ ಉತ್ತರ ಕೊಟ್ಟಾಗಿತ್ತು. ಆ ಉತ್ತರವನ್ನು ಎಸಿನಾಮ್ ಕೋಡ್ ಬರೆಯುವ ಕಂಪನಿಯ ಸಾಫ್ಟ್‌ವೇರ್ ನುಂಗಿ ಕೂತಿತ್ತು. ಸಂಜೆ ಯಾರೋ ರಕ್ತನಿಧಿಗೆ ಫೋನ್ ಮಾಡಿ ವಿಚಾರಿಸಿದ ಮೇಲೆ ಮಗುವನ್ನು ಬೇರೆ ಆಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯಿತು, ಅಷ್ಟೇ.

ತಪ್ಪು ಎಲ್ಲಿದೆಯೆಂದು ಎಸಿನಾಮ್ ಹುಡುಕಬೇಕಾಗಿಯೇ ಇರಲಿಲ್ಲ. ಉತ್ತರ ಬರುವವರೆಗೆ ಸರ್ವರ್ ಬಾಯಿ ಬಿಟ್ಟುಕೊಂಡು ಕಾಯುವುದಿಲ್ಲ. ಬಂದಾಗ ಏನು ಮಾಡಬೇಕೆಂಬುದನ್ನು ಮೊದಲೇ ಬರೆದು ಅದರ ಕೈಗೆ ಕೊಟ್ಟಿರುತ್ತಾರೆ. ಅದೇ ಕಾಲ್‌ಬ್ಯಾಕ್. ಅವಳು ಜಾವಾ ಎಂಬ ಕೋಡ್ ಭಾಷೆಯಲ್ಲಿ ಎರಡು ಪುಟ್ಟ ಇಂಟರ್‌ಫೇಸ್ ಮಾಡಿದ್ದಳು, ಒಂದೊಂದಕ್ಕೂ ಒಂದೊಂದೇ ಕೆಲಸ: ರಕ್ತ ಇದ್ದರೆ ಹೀಗೆ, ಇಲ್ಲದಿದ್ದರೆ ಹೀಗೆ. ಎರಡನೆಯದರ ಕೆಲಸವನ್ನು ಮ್ಯಾನೇಜರ್ ಲಾರ್ಬಿ ಖಾಲಿ ಮಾಡಿಸಿದ್ದ. ಆಸ್ಪತ್ರೆಯವರಿಗೆ ತೋರಿಸುವಾಗ ಪರದೆಯ ಮೇಲೆ ಕೆಂಪಕ್ಷರ ಬಂದರೆ ಅಪಶಕುನವಂತೆ!

ಬೆಳಗಿನ ಸಭೆಯಲ್ಲಿ ಆ ಮಹಾನುಭಾವ, ನೆಟ್‌ವರ್ಕ್ ಕೈಕೊಟ್ಟಿತೆಂದು ಆಸ್ಪತ್ರೆಗೆ ತಿಳಿಸಲು ಹೇಳಿದ.

“ನೆಟ್‌ವರ್ಕ್ ಏನ್ ಪಾಪ ಮಾಡಿತ್ತು ಬಾಸ್?” ಎಂದಳು ಎಸಿನಾಮ್. “ಈ ಊರಲ್ಲಿ ಒಂದು ಮಿಸ್ಡ್ ಕಾಲ್ ಕೊಟ್ರೂ ಜನ ತಿರುಗಿ ಮಾಡ್ತಾರೆ. ನಾವು ಆ ತಾಯಿಗೆ ‘ಇಲ್ಲ’ ಅಂತಾನೂ ಹೇಳ್ಲಿಲ್ವಲ್ಲ.”

“ಮೇಡಂ, ಭಾಷಣ ಬೇಡ, ಕೋಡ್ ಬರೀರಿ. ‘ಇಲ್ಲ’ ಅಂದ್ರೆ ಯಾರಿಗೆ ಹೇಳ್ಬೇಕು ಅಂತ ಆಮೇಲೆ ನೋಡೋಣ.”

“ಬರೆದಾಯ್ತು. ವಾರ್ಡಿನ ಪರದೆ ಮೇಲೆ ಕೆಂಪಕ್ಷರ ಬರತ್ತೆ. ನಿಮ್ಮ ‘ಆಮೇಲೆ’ ಬರೋವರೆಗೂ ನಿಮ್ಮ ಫೋನೂ ಹೊಡ್ಕೊಳ್ಳತ್ತೆ. ನರ್ಸ್ ‘ನೋಡಿದೆ’ ಅಂತ ಒತ್ತದೆ ನಿಲ್ಲಲ್ಲ.”

ತಮಾಷೆಯೆಂದು ಲಾರ್ಬಿ ನಕ್ಕುಬಿಟ್ಟ.

ಮಧ್ಯಾಹ್ನ ಹೊಸ ಗ್ರಾಹಕರ ಮುಂದೆ ಅವನು ಕಂಪನಿಯ ಗುಣಗಾನದಲ್ಲಿದ್ದಾಗ ಮೇಜಿನ ಮೇಲಿದ್ದ ಫೋನ್ ಹೊಡೆದುಕೊಂಡಿತು. ಬೋರಲು ಹಾಕಿದ. ಮತ್ತೆ ಹೊಡೆದುಕೊಂಡಿತು. ಬಂದವರೆಲ್ಲ ಅದನ್ನೇ ನೋಡತೊಡಗಿದಾಗ ಎತ್ತಿ ಓದಿದ: ‘ಹೆರಿಗೆ ವಾರ್ಡ್. ರಕ್ತ ಇಲ್ಲ. ಇನ್ನೂ ಯಾರೂ ನೋಡಿಲ್ಲ.’

ಅವನು ಪಕ್ಕದಲ್ಲಿ ಕೂತಿದ್ದ ಎಸಿನಾಮ್ ಕಡೆ ತಿರುಗಿದ. ಅವಳು ಕಣ್ಣು ತಪ್ಪಿಸಲಿಲ್ಲ; ವಾರ್ಡಿನ ನಂಬರ್ ಬರೆದ ಚೀಟಿಯನ್ನು ಅವನತ್ತ ತಳ್ಳಿದಳು.

ಲಾರ್ಬಿ ಎದ್ದು ನಿಂತು ಫೋನ್ ಮಾಡಿದ. ಅತ್ತಲಿಂದ ಹೆಂಗಸೊಬ್ಬಳ ದನಿ ಕೇಳಿತು.

“ಸಿಸ್ಟರ್,” ಎಂದ, “ರಕ್ತನಿಧೀಲಿ ರಕ್ತ ಇಲ್ವಂತೆ. ಕಾಯ್ಬೇಡಿ.”