ಅಂಟುವ ಎಡಗುಂಡಿ

ಕೂಡ್ಲಿಗಿ ಬಸ್ ನಿಲ್ದಾಣದ ಎದುರು ಎಸ್‌ಟಿಡಿ ಬೂತ್ ನಡೆಸುವ ವಾಣಿಶ್ರೀಗೆ ಗಿರಾಕಿ ಇಲ್ಲದಾಗ ಕೈ ಸುಮ್ಮನಿರುತ್ತಿರಲಿಲ್ಲ. ಅಂಗೈಯಗಲದ ವಿಡಿಯೋ ಗೇಮ್ ಬೇಕೇ ಬೇಕು. ಡಬ್ಬಿಯ ಮೇಲೆ ಸಾವಿರಾರು ಆಟ ಎಂದು ಅಚ್ಚು ಹಾಕಿದ್ದರೂ ಒಳಗಿದ್ದದ್ದು ಇಟ್ಟಿಗೆ ಜೋಡಿಸುವ ಆಟವೊಂದೇ. ಅದರಲ್ಲೂ ಅವಳ ಸ್ಕೋರು ನಲವತ್ತು ಸಾವಿರ ದಾಟುತ್ತಿರಲಿಲ್ಲ.

'ಎಡಗುಂಡಿ ಅಂಟತೈತಿ. ಇಲ್ಲಾಂದ್ರ ಲಕ್ಷ ದಾಟ್ತಿದ್ದೆ' ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ರಿಪೇರಿಗೆ ಕೊಟ್ಟು ಎಂಟು ದಿನವಾಯಿತು. ರೇಡಿಯೋ ರಿಪೇರಿಯ ಉಚ್ಚಂಗೆಪ್ಪ ದಿನಾ 'ನಾಳಿ ಬರ್ರಿ ಅಕ್ಕಾರ' ಎನ್ನುತ್ತಿದ್ದ. ಒಂಬತ್ತನೆಯ ದಿನ ಅವಳು ಬೂತಿಗೆ ಬೀಗ ಜಡಿದು ಹೋಗಿ, ಅವನ ಕೈಯಿಂದಲೇ ಅದನ್ನು ಕಿತ್ತುಕೊಂಡಳು. ಪರದೆಯ ಮೇಲೆ ಎಪ್ಪತ್ತೆರಡು ಸಾವಿರದ ಸ್ಕೋರು!

'ಎಂಟು ದಿನ ಆಡ್ಕೊಂತ ಕುಂತಿದ್ರೇನ್ರಿ?'

'ಚೆಕ್ ಮಾಡ್ಬೇಕಲ್ರಿ ಅಕ್ಕಾರ' ಎಂದ ಅವನು, ತಲೆ ಎತ್ತದೆ.

ಬುಸುಗುಟ್ಟುತ್ತ ಬೂತಿಗೆ ಬಂದಳು. ಅವನ ಸ್ಕೋರು ಮುರಿದೇ ತೀರಬೇಕೆಂದು ಕೂತು ಎಡಗುಂಡಿ ಒತ್ತಿದಳು. ಅಂಟಿತು. ಮತ್ತೆ ಒತ್ತಿದಳು, ಮತ್ತೆ ಅಂಟಿತು. ಪುಣ್ಯಾತ್ಮ ಅದನ್ನು ಬಿಚ್ಚಿಯೇ ಇರಲಿಲ್ಲ.

ಬೈಯಲು ಬಾಯಿ ತೆರೆದಾಗಲೇ ಅವಳಿಗೆ ಹೊಳೆಯಿತು. ಆ ಎಪ್ಪತ್ತೆರಡು ಸಾವಿರವನ್ನು ಅವನು ಇದೇ ಗುಂಡಿ ಒತ್ತಿ ಗಳಿಸಿದ್ದ.