ಮೇಸ್ತ್ರಿ ಮನೆಯ ಜಗಲಿ

ಸಮುದ್ರದಂಚಿನ ಆ ಬೀದಿಯಲ್ಲಿ ಮೇಸ್ತ್ರಿ ಕಟ್ಟದ ಮನೆಯೇ ಇರಲಿಲ್ಲ. ಗಾಳಿಯ ವಿಷಯ ಬಂದರೆ ಅವರು ಯಾರ ಮುಲಾಜಿಗೂ ಬೀಳುವವರಲ್ಲ. ಜಗಲಿಯ ಸೂರು ಮನೆಯ ಸೂರಿಗೆ ತಾಗಲೇಬಾರದು, ನಡುವೆ ಸಂದು ಇರಲೇಬೇಕು. ಚಂಡಮಾರುತ ಮೊದಲು ಕೈಹಾಕುವುದು ಜಗಲಿಗೆ. ಹೋದರೆ ಜಗಲಿಯೊಂದೇ ಹೋಗಲಿ, ಮನೆಯ ಸೂರನ್ನೂ ಎಳೆದುಕೊಂಡು ಹೋಗುವುದು ಬೇಡ ಎಂಬುದು ಅವರ ವಾದ. ಸಂದಿನಲ್ಲಿ ಮಳೆ ಸೋರುತ್ತದೆಂದು ಗೊಣಗಿದವರಿಗೆ "ಬಕೆಟ್ ಇಡಿ" ಎಂದು ಹೇಳಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು.

ಇಂಥ ಮೇಸ್ತ್ರಿ ತಮ್ಮ ಮನೆಯಲ್ಲಿ ಮಾತ್ರ ಜಾರಿಬಿದ್ದಿದ್ದರು. ಹೆಂಡತಿ ಜಗಲಿಯಲ್ಲಿ ಮಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಒಂದು ಮಳೆಗಾಲ ಗಿರಾಕಿಯ ರೇಷ್ಮೆ ಬಟ್ಟೆಯ ಮೇಲೆ ನೀರು ತೊಟ್ಟಿಕ್ಕಿ ಕಲೆಯಾಯಿತು. ಅವಳು ಕಣ್ಣಲ್ಲಿ ನೀರು ಹಾಕಿಕೊಂಡಳು. ಅಲ್ಲಿಗೆ ಮೇಸ್ತ್ರಿ ತಮ್ಮ ಶಾಸ್ತ್ರವನ್ನೆಲ್ಲ ಗಾಳಿಗೆ ತೂರಿದರು. ಮನೆಯ ತೊಲೆಗಳಿಗೆ ಜಗಲಿಯ ತೊಲೆ ಜೋಡಿಸಿ, ಬೋಲ್ಟು ಬಿಗಿದು, ಎರಡು ಸೂರನ್ನೂ ಒಂದು ಮಾಡಿಬಿಟ್ಟರು. ಹನಿ ನಿಂತಿತು. ಅವಳ ಖುಷಿ ನೋಡಿ ಇವರಿಗೂ ಖುಷಿಯೇ. ಗಾಳಿ ಜೋರಾದಾಗ ಮಾತ್ರ ಸೂರನ್ನೇ ನೋಡುತ್ತಾ ಕೂರುತ್ತಿದ್ದರು.

ಆ ದಿನ ದೊಡ್ಡ ಚಂಡಮಾರುತ ಸಂಜೆಗೆ ಬರುತ್ತದೆಂದು ರೇಡಿಯೋ ಹೇಳಿತು. ಬೆಳಿಗ್ಗೆಯಿಂದಲೇ ಮೇಸ್ತ್ರಿ ಮನೆಮನೆಗೂ ಹೋಗಿ, ಸೂರನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿಗಳನ್ನು ಬಿಗಿದರು, ಕಿಟಕಿಗಳಿಗೆ ಹಲಗೆ ಹೊಡೆದರು. ತಮ್ಮ ಮನೆಯ ಕಡೆ ಮಾತ್ರ ಕಾಲೇ ಬರಲೊಲ್ಲದು. ತೊಲೆ ಕುಯ್ಯದಿದ್ದರೆ ಮನೆ ಹೋಗುತ್ತದೆ, ಕುಯ್ದರೆ ಅವಳ ಜಗಲಿ ಹೋಗುತ್ತದೆ. ಕೊನೆಗೆ ಗರಗಸವನ್ನು ಕಳ್ಳಮಾಲಿನಂತೆ ಬೆನ್ನ ಹಿಂದೆ ಹಿಡಿದುಕೊಂಡು ಬಂದರು.

ಹೆಂಡತಿ ಆಗಲೇ ಮಷಿನ್ ಒಳಗೆ ಸಾಗಿಸಿ, ಏಣಿಯನ್ನು ಗೋಡೆಗೆ ಒರಗಿಸಿದ್ದಳು.

"ಏನ್ರೀ, ಊರವರ ಮನೆಯೆಲ್ಲ ಮುಗೀತಾ? ಈಗ ನಮ್ಮನೆ ನೆನಪಾಯ್ತಾ?"

"ನಿಂಗೆ ಗೊತ್ತಿತ್ತಾ?"

"ಊರಿಗೆಲ್ಲ ಹೇಳೋ ಪಾಠ ನನ್ನ ಕಿವಿಗೆ ಬೀಳಲ್ವಾ? ಗಾಳಿ ಬಂದಾಗೆಲ್ಲ ನೀವು ಸೂರು ನೋಡ್ತಾ ಕೂರೋದು ನಂಗೆ ಕಾಣಲ್ವಾ? ನೀವೇ ಬಾಯಿಬಿಡ್ಲಿ ಅಂತ ನಾನು, ನಾನೇ ಕೇಳ್ಲಿ ಅಂತ ನೀವು. ಚೆನ್ನಾಗಿದೆ ನಮ್ಮ ಸಂಸಾರ. ಹತ್ತಿ, ನಾನು ಏಣಿ ಹಿಡ್ಕೋತೀನಿ."

ಬೋಲ್ಟುಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಕದಲಲಿಲ್ಲ. ತೊಲೆಗಳನ್ನೇ ಒಂದೊಂದಾಗಿ ಕುಯ್ಯಬೇಕಾಯಿತು. ಅವಳಿಗಾಗಿ ಮಾಡಿದ್ದನ್ನು ಮೇಸ್ತ್ರಿ ಕೈಯಾರೆ ಕತ್ತರಿಸಿದರು. ಮರದ ಪುಡಿ ಅವಳ ತಲೆತುಂಬ ಉದುರಿದರೂ ಅವಳು ಏಣಿ ಬಿಡಲಿಲ್ಲ.

ಸಂಜೆ ಗಾಳಿ ಬಂತು. ಒಳಕೋಣೆಯಲ್ಲಿ ಇಬ್ಬರೂ ಕೈ ಹಿಡಿದುಕೊಂಡು ಕೂತರು. ಹೊರಗೆ ಭಾರೀ ಸದ್ದಾಗಿ ಜಗಲಿಯ ಸೂರು ಕಿತ್ತುಹೋಯಿತು. ಮನೆಯ ಸೂರು ನರಳಿತು, ಅಲುಗಾಡಿತು, ಆದರೆ ಜಾಗ ಬಿಡಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯಲ್ಲಿ ಮುರಿದ ಕಂಬಗಳಷ್ಟೇ ಉಳಿದಿದ್ದವು. ಮೇಸ್ತ್ರಿ ಸಪ್ಪೆ ಮುಖ ಮಾಡಿಕೊಂಡು ಅಳತೆ ಟೇಪು ಬಿಚ್ಚಿದರು.

"ಈ ಸಲ ಸಂದು ಬಿಟ್ಟೇ ಕಟ್ಟಿ," ಎಂದಳು ಹೆಂಡತಿ. "ಸೋರಿದ್ರೆ ಸೋರ್ಲಿ. ನಾನು ಅತ್ತರೂ ಕೇಳ್ಬೇಡಿ."

ಮೇಸ್ತ್ರಿ ಟೇಪಿನ ತುದಿಯನ್ನು ಅವಳ ಕೈಗೆ ಕೊಟ್ಟರು.

"ಅದೊಂದು ನನ್ ಕೈಲಾಗಲ್ಲ ಕಣೇ," ಎಂದರು. "ನೀನೇ ಅಳ್ದೆ ಇರು."