ಮೀನಿನ ತಲೆ ಯಾವ ಕಡೆಗೆ

ತಮ್ಮ ಹರಿ ಕಾಮಾಲೆಯಿಂದ ತೀರಿಕೊಂಡ ಹತ್ತನೆಯ ದಿನ ನಾವು ಗಾಣಗಾಪುರದ ಸಂಗಮದಲ್ಲಿದ್ದೆವು. ಎಂಬತ್ತನಾಲ್ಕರ ಮಾರ್ಚ್. ಭೀಮೆ ಸೊರಗಿ, ಎದುರಿನ ದಂಡೆ ಮಣ್ಣಿನ ಗೋಡೆಯಂತೆ ಎದ್ದು ನಿಂತಿತ್ತು. ಚಿಕ್ಕಪ್ಪನ ಮಗ ವ್ಯಂಕಟೇಶ ಪಿಂಡವಿಟ್ಟು ಹಿಂದೆ ಸರಿದ. ಇನ್ನು ಅದನ್ನು ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಹೋದವರ ಆಸೆ ಏನೋ ಉಳಿದಿದೆ ಎಂದು ನಮ್ಮವರು ನಂಬುತ್ತಾರೆ.

ಕಾಗೆಗಳೆಲ್ಲ ಮೀನುಗಾರ ರಾಜೇಸಾಬನ ದೋಣಿಯ ಸುತ್ತ ಇದ್ದವು. ಮೀನು ಒಣಹಾಕುತ್ತಿದ್ದ ಆತ ನಮ್ಮನ್ನು ನೋಡಿ, ಯಾರೂ ಹೇಳದೆಯೇ ಎದ್ದ.

"ನಿಮ್ಮ ಕೆಲಸದಾಗ ಮೀನಿನ ವಾಸನಿ ಬ್ಯಾಡ್ರಿ ಅವ್ವಾರ," ಎಂದು ಬುಟ್ಟಿ ತುಂಬಿಕೊಂಡು ದೋಣಿ ನೂಕಿದ. ಕಾಗೆಗಳೂ ಅವನ ಹಿಂದೆ ಹೋದವು. ನನಗದು ಹೊಳೆಯುವಷ್ಟರಲ್ಲಿ ದೋಣಿ ನದಿಯ ಬಾಗು ದಾಟಿತ್ತು.

"ಮೀನಿನ ಹಿಂದ ಹೋದವು, ಅವ್ವಾ," ಎಂದೆ.

"ಹಸದ ಕಾಗಿ ಒಂದೂ ಉಳೀಲಿಲ್ಲೇನು, ಸುಲಭಾ? ನನ್ನ ಕೂಸಿಗೆ ಏನೋ ಬೇಕಾಗೇದ," ಎಂದಳು ಅವ್ವ.

ಪುರೋಹಿತ ಶ್ರೀಪಾದಭಟ್ಟರು, "ಏನರೆ ಮಾತು ಕೊಡ್ರಿ ಅವಗ," ಎಂದರು.

ವ್ಯಂಕಟೇಶ ಕೈಮುಗಿದ. "ಹರೀ, ದೊಡ್ಡವ್ವನ್ನ ನಾ ನೋಡ್ಕೋತೇನಿ." ಕಾಗೆ ಬರಲಿಲ್ಲ. "ನಿನ್ನ ದುರ್ಬೀನೂ ಅಕ್ಕಗ ಕೊಡ್ತೇನಿ."

"ಆಗಲೇ ಕೊಳ್ಳಾಗ ಹಾಕ್ಕೊಂಡೀಯಲ್ಲೋ, ಬಾಡ್ಯಾ!" ಎಂದಳು ಅವ್ವ. ಅವನು ನಾಚಿ ಅದನ್ನು ನನ್ನ ಕೈಗಿಟ್ಟ.

ಆಗ ನೀರಿನ ಮೇಲೆ ಚಿರಿಕ್ ಚಿರಿಕ್ ಎಂದಿತು. ಕಪ್ಪು-ಬಿಳಿ ಮಿಂಚುಳ್ಳಿ. ಕೊಕ್ಕು ಕೆಳಗೆ ಮಾಡಿ, ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ಒಂದೇ ಕಡೆ ನಿಂತು, ಕಲ್ಲಿನಂತೆ ಬಿತ್ತು. ದುರ್ಬೀನು ಹಿಡಿದೆ. ಎದೆಯ ಮೇಲೆ ಎರಡು ಪಟ್ಟಿ: ಗಂಡು. ಹರಿಯೇ ಕಲಿಸಿದ್ದು. ಎದುರು ದಂಡೆಯಲ್ಲಿದ್ದ ಅದರ ಗೂಡಿನ ಬಿಲವನ್ನು ಅವನು ಜ್ವರ ಬರುವವರೆಗೂ ಕಾದಿದ್ದ. ಹಾಸಿಗೆಯಲ್ಲಿ ಹಳದಿ ಕಣ್ಣು ತೆರೆದು ಕೇಳುತ್ತಿದ್ದದ್ದೂ ಅದೇ: "ಅಕ್ಕಾ, ಮರಿ ಆಗ್ಯಾವೇನು?"

ಹಕ್ಕಿ ಮೀನನ್ನು ಕಲ್ಲಿಗೆ ಬಡಿದು, ತಲೆ ಹೊರಗಿರುವಂತೆ ತಿರುಗಿಸಿ ಹಿಡಿಯಿತು. "ತಾನು ತಿನ್ನೂದಿದ್ರ ತಲಿ ಗಂಟಲ ಕಡೆ, ಇನ್ನೊಬ್ಬರಿಗಿದ್ರ ತಲಿ ಹೊರಗ," ಎನ್ನುತ್ತಿದ್ದ ಹರಿ. ಆದರೆ ಕಾವಿಗೆ ಕೂತ ಹೆಣ್ಣಿಗೂ ಗಂಡು ಹಾಗೆಯೇ ಒಯ್ಯುತ್ತದೆ. ದುರ್ಬೀನು ಇಳಿಸಲಿಲ್ಲ. ಅದು ಬಿಲಕ್ಕೆ ಹೋಗಿ ಬಂತು. ಹಿಂದೆಯೇ ನದಿಯ ಕಡೆಯಿಂದ ಇನ್ನೊಂದು ಬಂತು, ಎದೆಯ ಮೇಲೆ ನಡುವೆ ತುಂಡಾದ ಒಂದೇ ಪಟ್ಟಿ. ಹೆಣ್ಣು. ಅದರ ಕೊಕ್ಕಿನಲ್ಲೂ ಮೀನು, ತಲೆ ಹೊರಗೆ; ಅದೂ ಬಿಲಕ್ಕೇ ಹೋಯಿತು.

"ಹರೀ, ಮರಿ ಆಗ್ಯಾವ," ಎಂದೆ, ಎಲ್ಲರಿಗೂ ಕೇಳುವಂತೆ. "ಅವು ಹಾರೂತನಕ ನಾ ಬಂದು ನೋಡ್ತೇನಿ."

ಎಲ್ಲರೂ ಆಕಾಶ ನೋಡಿದರು. ಕಾಗೆ ಬರಲಿಲ್ಲ. ಬಿಸಿಲು ಏರಿತು. ಭಟ್ಟರು ಅವಸರ ಮಾಡಲಿಲ್ಲ. ತಮ್ಮ ಹೆಗಲ ಮೇಲಿನ ವಸ್ತ್ರ ನೆನೆಸಿ ಅವ್ವನ ತಲೆಯ ಮೇಲೆ ಹೊದಿಸಿದರು. ಕೊನೆಗೆ ದರ್ಭೆಯಲ್ಲೊಂದು ಕಾಗೆ ಕಟ್ಟಿ, ಅದನ್ನು ಪಿಂಡಕ್ಕೆ ತಾಗಿಸಿದರು.

"ಹುಲ್ಲಿನ ಕಾಗಿ," ಎಂದಳು ಅವ್ವ.

ಮರುದಿನ ಬೆಳಿಗ್ಗೆ ನಾನು ದುರ್ಬೀನು ತೆಗೆದುಕೊಂಡಾಗ ಅವ್ವ ಆಗಲೇ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಳು.

"ನನಗೂ ತೋರಸು," ಎಂದಳು. "ಅಂವಾ ಕೇಳಿದ್ರ ಹೇಳಬೇಕಲ್ಲ."